ಎದುರು ಮನೆಯ ಹೆಪ್ಪು

ಊರು ಮುಚ್ಚಿದ ನೂರಾ ಎಂಬತ್ತಾರನೆಯ ವರ್ಷ,
ನಾಲ್ಕನೆಯ ಒಣತಿಂಗಳು, ಮೂರನೆಯ ವಾರದ ಒಂಬತ್ತನೆಯ ದಿನ.
ಅಳತೆಮನೆ, ಸವಳು ಬಯಲು.

ತಂಗೀ,

ಮೇಲಿನ ದಿನಾಂಕ ನೋಡಿ ಇದ್ಯಾವ ತಲೆಕೆಟ್ಟವಳ ಕಾಗದ ಎಂದು ಪಕ್ಕಕ್ಕಿಡಬೇಡ. ನಮ್ಮ ವಾರಕ್ಕೆ ಹತ್ತು ದಿನ. ತಿಂಗಳುಗಳಲ್ಲಿ ಒಂಬತ್ತು ಒಣವು, ಎರಡು ಹಸಿಯವು, ಇನ್ನೊಂದು ಯಾವುದೆಂದು ಯಾರಿಗೂ ಗೊತ್ತಾಗದ್ದು. ನನ್ನ ಬರಹದಲ್ಲಿ ನಿನಗೆ ತಿಳಿಯದ ಪದಗಳು ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿನ್ನ ಪದಗಳೂ ನನ್ನನ್ನು ಕಡಿಮೆ ಕಾಡಿಸಿಲ್ಲ ಬಿಡು. ಈ ಮನೆಯ ಗೋಡೆಗೂಡಿನಲ್ಲಿ ತಗಡಿನ ಡಬ್ಬಿಯೊಳಗೆ ಸಿಕ್ಕ ನಿನ್ನ ನೋಟ್‌ಬುಕ್ಕನ್ನು ಹನ್ನೊಂದು ವರ್ಷದಿಂದ ಓದುತ್ತಿದ್ದೇನೆ. ಈಗ ಅದರ ಕೊನೆಯ ಖಾಲಿ ಹಾಳೆಗಳಲ್ಲೇ ಬರೆಯುತ್ತಿದ್ದೇನೆ. ಕಾಗದ ಹಿಂದಿನ ಕಾಲಕ್ಕೆ ಹೋಗುವ ದಾರಿ ನನಗೆ ಗೊತ್ತಿಲ್ಲ, ಗೊತ್ತಿರುವವರು ಯಾರೂ ಇಲ್ಲ. ತಂಗಿ ಎಂದದ್ದಕ್ಕೆ ಬೇಜಾರಾಗಬೇಡ. ಲೆಕ್ಕ ಹಿಡಿದರೆ ನೀನು ನನಗಿಂತ ಇನ್ನೂರು ವರ್ಷಕ್ಕೂ ಹೆಚ್ಚು ಹಿರಿಯಳು. ಆದರೆ ನನಗೀಗ ಅರವತ್ಮೂರು, ನಿನ್ನ ಕೈಬರಹ ಇಪ್ಪತ್ತೈದು ದಾಟಿದ್ದಲ್ಲ. ಹೆಸರಿದ್ದ ಮೊದಲ ಹಾಳೆಯನ್ನು ಯಾವುದೋ ಇಲಿ ತಿಂದುಹಾಕಿದೆ. ಇಲಿಗಳ ಪುಸ್ತಕಕ್ಕೆ ತಕ್ಕ ಶಾಸ್ತಿ. ನೀನು ಹೆಣ್ಣೆಂದು ತಿಳಿದದ್ದು ಹನ್ನೆರಡನೆಯ ಪುಟದಲ್ಲಿ. "ಬೋನಿನ ಬಾಗಿಲಿಗೆ ಸೆರಗು ಸಿಕ್ಕಿ ಹರಿಯಿತು. ಹೊಸ ಸೀರೆ" ಎಂದು ಬರೆದಿದ್ದೀ. ಆ ಹೊಸ ಸೀರೆಯ ಸಂಕಟ ಓದಿದ ದಿನದಿಂದ ನೀನು ನನ್ನ ತಂಗಿ.

ನನ್ನ ಹೆಸರು ಹುಲಿಗೆವ್ವ. ಕರುಳಳತೆ, ಎಂದರೆ ಇಲಿಗಳ ಕರುಳು ಅಳೆಯುವುದು, ನನ್ನ ಕೆಲಸ, ನಿನ್ನ ಕೆಲಸವೇ ಎನ್ನು. ಇಲ್ಲಿಂದ ಅರ್ಧ ಗಂಟೆ ನಡೆದರೆ ನಮ್ಮ ಮುಚ್ಚೂರು ಸಿಗುತ್ತದೆ. ಧೂಳೂ ಜ್ವರವೂ ಹೆಚ್ಚಾದ ಕಾಲದಲ್ಲಿ ನಿಮ್ಮ ಮೊಮ್ಮಕ್ಕಳು ಮೇಲೊಂದು ಚಾವಣಿ ಹೊದಿಸಿ ಬಾಗಿಲು ಹಾಕಿಕೊಂಡ ಊರು ಅದು. ಒಳಗೆ ಮೂರು ಸಾವಿರ ಜನ. ಅವರೆಲ್ಲ ಕುಡಿಯುವುದು ತಿಳಿ. ತಿಳಿ ಎಂದರೆ ದೊಡ್ಡ ಹಂಡೆಗಳಲ್ಲಿ ಬೆಳೆಸಿ, ಕಾಯಿಸಿ, ಸೋಸಿ ತೆಗೆದ ತೆಳ್ಳನೆ ಗಂಜಿ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಕಸವಿಲ್ಲ. ದಿನಕ್ಕೆ ನಾಲ್ಕು ಲೋಟ ಕುಡಿದರೆ ಮುಗಿಯಿತು, ಹಲ್ಲಿಗೆ ಕೆಲಸವಿಲ್ಲ, ಹೊಟ್ಟೆಗೂ ಇಲ್ಲ. ಆರು ತಲೆಮಾರು ಹೀಗೇ ಕಳೆದಮೇಲೆ ನಮ್ಮವರ ಹೊಟ್ಟೆ ಬೆನ್ನಿಗೆ ಅಂಟಿದೆ, ಕರುಳು ಮೋಟಾಗಿದೆ. ಕರುಳಿನೊಳಗೆ ಬದುಕುವ ಕಣ್ಣಿಗೆ ಕಾಣದ ಜೀವಿಗಳಿವೆಯಲ್ಲ, ನಾವು ಅವನ್ನು ಒಕ್ಕಲು ಎನ್ನುತ್ತೇವೆ. ನಿಮ್ಮೊಳಗೆ ಆ ಒಕ್ಕಲು ಊರುಗಟ್ಟಲೆ ಇತ್ತಂತೆ. ನಮ್ಮೊಳಗೆ ನಾಲ್ಕು ಮನೆಯೂ ಉಳಿದಿಲ್ಲ. ಉಳಿಯದಂತೆ ನೋಡಿಕೊಳ್ಳಲು ಒಂದು ಕಚೇರಿಯೇ ಇದೆ, ಅದರ ಹೆಸರು ಶುಚಿಮನೆ. ನಮ್ಮಲ್ಲಿ ಮಗು ಹುಟ್ಟಿದರೆ ಮೊದಲು ಎತ್ತಿಕೊಳ್ಳುವುದು ತಾಯಿಯಲ್ಲ, ಶುಚಿಮನೆಯ ದಾದಿ.

ನಾನು ಹೊರಗೆ ಬಂದದ್ದು ಎರಡೇ ವರ್ಷಕ್ಕೆಂದು. ಬಯಲಿನಲ್ಲಿ ಮತ್ತೆ ಊಟ ಹುಟ್ಟುತ್ತಿದೆಯೋ ಇಲ್ಲವೋ ಎಂದು ಊರಿಗೆ ತಿಳಿಯಬೇಕಿತ್ತು. ಅದನ್ನು ಹೇಳುವುದು ಬಿಲದ ಇಲಿಗಳು, ಅವು ತಿಂದದ್ದನ್ನು ಅವುಗಳ ಕರುಳು ಹೇಳುತ್ತದೆ. ನನಗೆ ತಿಳಿಯನ್ನು ವಾರಕ್ಕೊಮ್ಮೆ ತೂಬಿನಿಂದ ಕಳಿಸುತ್ತಿದ್ದರು. ತೂಬು ಎಂದರೆ ಊರಬಾಗಿಲ ಪಕ್ಕ ಇರುವ ಎರಡು ಮುಚ್ಚಳದ ಗೂಡು. ಒಂದು ತೆರೆದರೆ ಇನ್ನೊಂದು ತೆರೆಯುವುದಿಲ್ಲ. ಮೊದಲ ವರ್ಷವೇ ದೊಡ್ಡ ಧೂಳು ಎದ್ದಿತು. ಒಂಬತ್ತು ದಿನ ಬಾಗಿಲವರೆಗೆ ಹೋಗಲು ದಾರಿ ಕಾಣಲಿಲ್ಲ. ಆರನೆಯ ದಿನ ಹಸಿವು ತಾಳದೆ ಇಲಿ ತಿನ್ನುವ ಗಡ್ಡೆಯನ್ನೇ ಸುಟ್ಟು ತಿಂದೆ. ನಿನ್ನ ಕಾಲದ ಕೊನ್ನಾರಿಗಡ್ಡೆಯೇ ಅದು, ಆದರೆ ಈಗ ಮುಷ್ಟಿ ಗಾತ್ರ, ಮೇಲೆ ಮರದ ಚೆಕ್ಕೆಯಂಥ ತೊಗಲು, ಒಳಗೆ ನಾರು, ಸವಳು, ಕಹಿ. ಹನ್ನೆರಡು ದಿನ ಸತ್ತು ಬದುಕಿದೆ. ಬದುಕಿದ್ದೇ ತಪ್ಪಾಯಿತು. ಹೊರಗಿನದನ್ನು ತಿಂದವರು ಒಳಗೆ ಬರಕೂಡದು, ಅದು ಶುಚಿಮನೆಯ ಮೊದಲ ಕಟ್ಟಳೆ. ಬಾಗಿಲ ಗಾಜಿನಾಚೆ ನನ್ನ ಮಗಳು ಪಂಪಾವತಿ ಬಸುರಿ ಹೊಟ್ಟೆ ಹೊತ್ತು ನಿಂತಿದ್ದಳು. ನಾನು ಈಚೆ ನಿಂತಿದ್ದೆ. ಅವಳ ಹೆರಿಗೆಗೆ ನಾನು ಒಳಗಿರಬೇಕಿತ್ತು.

ಮೊದಲ ನಾಲ್ಕು ವರ್ಷ ಪಂಪಾವತಿ ಗಾಜಿನ ಹತ್ತಿರ ಬರುತ್ತಿದ್ದಳು. ಆಗ ಹುಟ್ಟಿದ್ದ ಕೂಸು ಉಳಿಯಲಿಲ್ಲ, ಆ ದುಃಖವನ್ನೂ ಗಾಜಿನಾಚೆಯಿಂದಲೇ ಹೇಳಿಕೊಂಡಳು. ಆಮೇಲೆ ಹುಟ್ಟಿದವಳು ಚಿಗರಿ. ಅಂಥ ಹೆಸರಿನ ಪ್ರಾಣಿ ಈ ಬಯಲಿನಲ್ಲಿ ಓಡುತ್ತಿತ್ತೆಂದು ನಿನ್ನ ಪುಸ್ತಕದಲ್ಲಿ ಓದಿ ನಾನೇ ಹೇಳಿದ ಹೆಸರು. ಚಿಗರಿಗೆ ಒಂದು ವರ್ಷವಾದಮೇಲೆ ಮಗಳು ಬರುವುದನ್ನು ಬಿಟ್ಟಳು. ಹೊರಗಿನವಳ ಮಗಳು, ಹೊರಗಿನವಳ ಮೊಮ್ಮಗಳು ಎಂದು ಆಡಿಕೊಳ್ಳುತ್ತಿದ್ದರಂತೆ. ನನಗೆ ಸಿಟ್ಟು ಬಂತು, ಅತ್ತೆ, ಆಮೇಲೆ ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ ಎಂದು ಸುಮ್ಮನಾದೆ. ಬಾಗಿಲ ಹತ್ತಿರ ನನಗೆ ಉಳಿದದ್ದು ಲಾಲಸಾಬಜ್ಜ ಒಬ್ಬನೇ. ಮಾತುಗೊಳವೆ ಕಾಯುವ ಮುದುಕ ಅವನು. ನನ್ನ ಅಳತೆಯ ಹಾಳೆಯೂ ಒಳಗೆ ಹೋಗುವಂತಿಲ್ಲ. ನಾನು ಗಾಜಿಗೆ ಹಿಡಿಯುತ್ತೇನೆ, ಅವನು ಒಳಗಿನಿಂದ ನಕಲು ಮಾಡಿಕೊಳ್ಳುತ್ತಾನೆ, ಅಷ್ಟು ಹೊತ್ತು ನಾವು ಮಾತಾಡುತ್ತೇವೆ. ವಾರದಲ್ಲಿ ಮನುಷ್ಯರ ದನಿ ಕಿವಿಗೆ ಬೀಳುವುದು ಅಷ್ಟೇ ಹೊತ್ತು. ಉಳಿದ ಒಂಬತ್ತು ದಿನ ಇಲಿಗಳನ್ನು ಬೈಯುತ್ತೇನೆ, ನಿನ್ನ ಪುಸ್ತಕಕ್ಕೆ ಉತ್ತರ ಕೊಡುತ್ತೇನೆ.

ಇಲಿಗಳ ಸಮಾಚಾರ ಕೇಳಲು ನಿನಗೆ ಆತುರವಿರಬಹುದು, ಹೇಳುತ್ತೇನೆ. ನಿನ್ನ ಕಾಲದಲ್ಲಿ ಅವು ಜೋಳ, ಭತ್ತ, ಶೇಂಗಾ ತಿಂದು ಬೆಳೆದಿದ್ದವು. ಕಾಲುವೆ ನೀರು ನಿಂತು ನೆಲವೆಲ್ಲ ಸವಳಾಗಿ ಬೆಳೆ ಹೋದಮೇಲೆ ಉಳಿದದ್ದು ಈ ಗಡ್ಡೆ ಮತ್ತು ಗರಗಸದಂಥ ಹುಲ್ಲು. ಎಲ್ಲರೂ ಇಲಿ ಅಳಿಯಿತು ಎಂದುಕೊಂಡರು. ಇಲಿ ಅಳಿಯಲಿಲ್ಲ, ಕರುಳು ಬದಲಿಸಿಕೊಂಡಿತು. ನೀನು ಬರೆದ ಹಾಗೆಯೇ ಈಗಲೂ ಅಳೆಯುತ್ತೇನೆ. ಗೂಬೆ ಕೊಂದು ಬಿಟ್ಟುಹೋದದ್ದು, ಬೋನಿನಲ್ಲಿ ತಾನಾಗಿ ಸತ್ತದ್ದು, ಅಂಥವನ್ನೇ ತಂದು ಒದ್ದೆ ಹಲಗೆಯ ಮೇಲೆ ಕರುಳು ಬಿಡಿಸಿ ಹಾಸುತ್ತೇನೆ. "ಎಳೆಯಬಾರದು, ಎಳೆದರೆ ಎಳೆದಷ್ಟೂ ಬರುತ್ತದೆ" ಎಂದು ಎರಡು ಗೆರೆ ಎಳೆದು ಬರೆದಿದ್ದೀಯಲ್ಲ, ಅದನ್ನು ಒಂದು ದಿನವೂ ಮರೆತಿಲ್ಲ. ಸಣ್ಣಕರುಳು ಮುಗಿದು ದೊಡ್ಡಕರುಳು ಶುರುವಾಗುವಲ್ಲಿ ಚೀಲದಂತೆ ಜೋತುಬಿದ್ದಿರುವ ಕುರುಡುಗರುಳಿದೆ, ನಾರು ಕೊಳೆತು ಅನ್ನವಾಗುವುದು ಅಲ್ಲೇ. ನಿನ್ನ ಪುಟಗಳಲ್ಲಿ ಅದು ನನ್ನ ಕಿರುಬೆರಳಷ್ಟು. ಈಗ ಹೆಬ್ಬೆರಳಿಗಿಂತ ದಪ್ಪ, ಬಿಡಿಸಿದರೆ ಅಂಗೈ ತುಂಬುತ್ತದೆ. ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ಹಸಿತಿಂಗಳಲ್ಲಿ ಎಳೆಹುಲ್ಲು, ಮೆತ್ತನೆ ಬೀಜ ಸಿಕ್ಕರೆ ಅದೇ ಇಲಿಗಳ ಕರುಳು ಮೂವತ್ತು ದಿನದೊಳಗೆ ಗಿಡ್ಡವಾಗುತ್ತದೆ. ಒಣತಿಂಗಳು ಬಂದರೆ ಮತ್ತೆ ಉದ್ದವಾಗುತ್ತದೆ. ಉದ್ದ ಕರುಳನ್ನು ಸಾಕುವುದಕ್ಕೂ ಕೂಳು ಬೇಕಲ್ಲ, ಅದಕ್ಕೇ ಬೇಡದಿದ್ದಾಗ ಇಟ್ಟುಕೊಳ್ಳುವುದಿಲ್ಲ. ಮಗ್ಗದ ಮುಂದೆ ಕೂತವರ ಹಾಗೆ ಬೇಕಾದಷ್ಟು ನೇಯ್ದುಕೊಂಡು, ಬೇಡವಾದದ್ದನ್ನು ಬಿಚ್ಚಿಹಾಕುತ್ತವೆ. ನಾವು ಮಾತ್ರ ಬಿಚ್ಚಿದ್ದನ್ನು ಮತ್ತೆ ನೇಯಬಹುದೆಂದು ಮರೆತೇಬಿಟ್ಟಿದ್ದೆವು.

ಈಗ ನನ್ನ ತಪ್ಪಿನ ಕಥೆ. ತಾಯಿಯನ್ನು ಗೂಬೆ ಒಯ್ದ ಬಿಲವೊಂದರಿಂದ ಆಗಷ್ಟೇ ಕಣ್ಣು ಬಿಟ್ಟ ಐದು ಮರಿ ಎತ್ತಿ ತಂದೆ. ತಿಳಿ ಹಾಕಿ ಸಾಕಿದೆ. ಮುಚ್ಚೂರಿನ ಕೈ ನನ್ನದು, ದಿನಾ ಬೆಳಿಗ್ಗೆ ಬೋನು ತಿಕ್ಕಿ, ಬೂದಿ ಹಾಕಿ, ಬಿಸಿನೀರು ಸುರಿದು, ಹುಲ್ಲು ಬದಲಿಸುತ್ತಿದ್ದೆ. ಒಂದು ಹಿಕ್ಕೆ ಬಿದ್ದರೆ ಎತ್ತಿ ಒಗೆಯುತ್ತಿದ್ದೆ. ಮರಿಗಳು ಮೈತುಂಬಿಕೊಂಡವು. ಗಡ್ಡೆಗೆ ದಾಟಿಸಿದೆ, ಆಸೆಯಿಂದ ತಿಂದವು. ಹದಿನಾಲ್ಕು ದಿನದಲ್ಲಿ ಐದೂ ಸತ್ತವು. ಕೊಯ್ದು ನೋಡಿದರೆ ಹೊಟ್ಟೆ ತುಂಬ ಗಡ್ಡೆ ಇತ್ತು, ಹಸಿವಿನಿಂದ ಸತ್ತಿದ್ದವು. ಇನ್ನೊಂದು ಸೂಲಿನ ಮರಿಗಳಿಗೂ ಹಾಗೇ ಆಯಿತು, ಮತ್ತೊಂದಕ್ಕೂ. ನಿನ್ನ ಮೂವತ್ತೆಂಟನೆಯ ಪುಟದಲ್ಲೂ ಇದೇ ಇದೆ. "ಬೋನಿನ ಮರಿಗಳು ಬೇರು ತಿನ್ನುತ್ತಿವೆ, ತೂಕ ಇಳಿಯುತ್ತಿದೆ, ಕಾರಣ ತಿಳಿಯದು." ಅದರ ಕೆಳಗೆ, ಮುಂದಿನ ಪುಟದ ತಲೆಯಲ್ಲಿ, "ಎದುರು ಮನೆಯಿಂದ ಹೆಪ್ಪು ತರಬೇಕು." ಮರಿಗಳ ರೋಗಕ್ಕೆ ಮದ್ದು ಬರೆದಿದ್ದೀ ಎಂದು ತಿಳಿದೆ. ಎರಡು ಪುಟ ಬಿಟ್ಟು "ಹೆಪ್ಪು ಇವತ್ತೂ ಆಗಲಿಲ್ಲ" ಎಂದಿತ್ತು. ನಲವತ್ತಾರರಲ್ಲಿ "ಗುರುತಿಲ್ಲದವರ ಮನೆಗೆ ಹೇಗೆ ಹೋಗುವುದು" ಎಂದಿತ್ತು. ಬಹಳ ಕಷ್ಟದ ವಿಧಾನವಿರಬೇಕು, ನಿನ್ನಂಥವಳಿಗೇ ಮೂರು ಸಲ ಕೈಗೂಡಲಿಲ್ಲ ಎಂದುಕೊಂಡೆ. ಎದುರು ಮನೆ ಎಂದರೆ ಎದುರಿನ ಬಿಲವೇ ಇರಬೇಕೆಂದು ಎರಡು ವರ್ಷ ತಲೆ ಕೆಡಿಸಿಕೊಂಡೆ.

ಕೊನೆಗೆ ನಾಚಿಕೆ ಬಿಟ್ಟು ಲಾಲಸಾಬಜ್ಜನನ್ನು ಕೇಳಿದೆ. ಅಜ್ಜ ಕೊಳವೆಯೊಳಗೆ ಕೆಮ್ಮು ಬರುವಷ್ಟು ನಕ್ಕ. "ಏ ಹುಚ್ಚಿ, ಅದು ಮೊಸರಿನ ಮಾತು" ಎಂದ. ಅವನ ಮುತ್ತಜ್ಜಿ ತನ್ನ ಮುತ್ತಜ್ಜಿಯಿಂದ ಕೇಳಿ ಹೇಳಿದ್ದಂತೆ. ಹಾಲು ಎಂಬ ವಸ್ತುವನ್ನು ಕಾಯಿಸಿ ಆರಿಸಿ, ನಿನ್ನೆಯ ಮೊಸರಿನ ಒಂದು ಚಮಚ ಅದಕ್ಕೆ ಬಿಟ್ಟರೆ ಬೆಳಗಾಗುವುದರೊಳಗೆ ಅದೆಲ್ಲ ಮೊಸರು. ಆ ಒಂದು ಚಮಚಕ್ಕೆ ಹೆಪ್ಪು ಎಂದು ಹೆಸರು. ಮನೆಯಲ್ಲಿ ಮೊಸರು ಮುಗಿದಿದ್ದರೆ ಬಟ್ಟಲು ಹಿಡಿದು ಎದುರು ಮನೆಗೆ ಹೋಗಬೇಕು, ಅವರು ಕೊಡುತ್ತಾರೆ. ಅವರದು ಮುಗಿದ ದಿನ ಅವರು ನಿಮ್ಮ ಮನೆಗೆ ಬರುತ್ತಾರೆ. ಎಲ್ಲರ ಮನೆಯ ಮೊಸರೂ ಯಾರದೋ ಮನೆಯ ಹಳೆ ಮೊಸರಿನ ಮಗುವೇ ಎಂದ ಅಜ್ಜ. ನಾನು ವಾಪಸು ನಡೆಯುತ್ತಾ ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ಬಿಲ ತೋಡಿದಾಗೆಲ್ಲ ತಾಯಿಯ ಹಿಕ್ಕೆಯನ್ನು ಮರಿಗಳು ಮೆಲ್ಲುವುದನ್ನು ಕಂಡು ಛೀ ಎಂದು ಮುಖ ತಿರುಗಿಸಿದ್ದೆನಲ್ಲ! ತಾಯಿ ತನ್ನ ಒಕ್ಕಲನ್ನು ಮಕ್ಕಳ ಹೊಟ್ಟೆಗೆ ದಾಟಿಸುತ್ತಿದ್ದಳು. ನಾನು ಬೋನು ತೊಳೆದು ತೊಳೆದು ಆ ಮರಿಗಳನ್ನು ಕೊಂದಿದ್ದೆ. ಮುಂದಿನ ಸೂಲಿಗೆ ಬೇರೊಂದು ಬಿಲದ ಮುದಿ ಹೆಣ್ಣಿಲಿಯ ಹಿಕ್ಕೆ ತಂದು ಹಾಕಿದೆ, ಬೋನು ತೊಳೆಯಲಿಲ್ಲ. ಆರಕ್ಕೆ ಆರೂ ಬದುಕಿದವು. ತಿಂಗಳಲ್ಲಿ ಅವುಗಳ ಹೊಟ್ಟೆ ಬಯಲಿನ ಇಲಿಗಳಷ್ಟೇ ತುಂಬಿಕೊಂಡಿತ್ತು. ಧೂಳಿನ ದಿನಗಳಲ್ಲಿ ನಾನೇಕೆ ಸಾಯಲಿಲ್ಲ ಎಂಬುದೂ ಆಗ ತಿಳಿಯಿತು. ಒಂದು ವರ್ಷ ಇಲಿ ಹಿಡಿದ ಕೈಯನ್ನು ನಾನು ಸರಿಯಾಗಿ ತೊಳೆದಿರಲಿಲ್ಲ. ಆ ಸೋಮಾರಿತನವೇ ನನ್ನನ್ನು ಉಳಿಸಿತು.

ಇಷ್ಟೂ ಇಲಿಯ ಮಾತಾಗಿಯೇ ಉಳಿಯುತ್ತಿತ್ತೋ ಏನೋ. ಈ ವರ್ಷ ಹಂಡೆಗಳಲ್ಲಿ ತಿಳಿ ಕಟ್ಟುವುದು ಕಡಿಮೆಯಾಯಿತು. ನಾಲ್ಕು ಲೋಟ ಮೂರಾಯಿತು, ಎರಡೂವರೆಯಾಯಿತು. ಹೊರಗೆ ಹೋಗಿ ಬಯಲಿನದನ್ನು ತಿನ್ನಲು ಕಲಿಯದಿದ್ದರೆ ಇನ್ನು ಮೂರು ವರ್ಷಕ್ಕೆ ಊರು ಉಳಿಯುವುದಿಲ್ಲವೆಂದು ಹಿರಿಯರು ಒಪ್ಪಿಕೊಂಡರು. ಎಳೆ ಹೊಟ್ಟೆ ಬೇಗ ಕಲಿಯುತ್ತದೆಂದು ಮೊದಲು ಹನ್ನೆರಡು ಮಕ್ಕಳನ್ನು ಕಳಿಸುವುದಾಗಿ ತೀರ್ಮಾನವಾಯಿತು. ಆ ಹನ್ನೆರಡರಲ್ಲಿ ಚಿಗರಿಯ ಹೆಸರಿತ್ತು. ಅವಳಿಗೀಗ ಎಂಟು ವರ್ಷ. ಹೊರಗಿನವಳ ಮೊಮ್ಮಗಳನ್ನು ಮೊದಲು ಆರಿಸುವುದು ಅವರಿಗೆ ಸುಲಭವಾಗಿತ್ತು. ನಾನು ಕೊಳವೆಗೆ ಬಾಯಿಟ್ಟು ಹೇಳಿದೆ, ಸುಮ್ಮನೆ ಕಳಿಸಿದರೆ ನನ್ನ ಬೋನಿನ ಮರಿಗಳಂತೆ ಹೊಟ್ಟೆ ತುಂಬ ಉಂಡು ಸಾಯುತ್ತಾರೆ, ಮೊದಲು ಹೆಪ್ಪು ಕೊಡಬೇಕು ಎಂದು. ಮನುಷ್ಯರ ಹೆಪ್ಪು ಈ ಬಯಲಿನಲ್ಲಿ ಇರುವುದು ಒಂದೇ ಹೊಟ್ಟೆಯಲ್ಲಿ, ನನ್ನದರಲ್ಲಿ. ತಂಗಿ, ಬಿಡಿಸಿ ಹೇಳಬೇಕಾಗಿಲ್ಲ, ಏನು ಕೊಡಬೇಕಿತ್ತೆಂದು ನಿನಗೆ ಗೊತ್ತಾಯಿತು. ಹನ್ನೊಂದು ವರ್ಷ ನನ್ನ ಮುಖ ಯಾರಿಗೂ ಬೇಡವಾಗಿತ್ತು, ಈಗ ನಾನು ಹಿತ್ತಲಿಗೆ ಹೋಗಿ ಬಂದದ್ದಕ್ಕೆ ಊರ ಹಿರಿಯರು ಸಭೆ ಕೂತರು. ನಾನು ಒಬ್ಬಳೇ ಕೂತು ನಕ್ಕೆ. ಮೂರನೆಯ ದಿನ ಶುಚಿಮನೆಯವರು ತೂಬಿನಲ್ಲಿ ಒಂದು ಮುಚ್ಚಿದ ಭರಣಿ ಇಟ್ಟು ಕಳಿಸಿದರು. ಅಷ್ಟು ಸುಲಭವಾಗಿ ಯಾಕೆ ಒಪ್ಪಿದರೆಂದು ನಾನು ಕೇಳಬೇಕಿತ್ತು. ಖುಷಿಯಲ್ಲಿ ಕೇಳಲಿಲ್ಲ. ಗಡ್ಡೆಯ ಹಿಟ್ಟಿನಲ್ಲಿ ಕಟ್ಟಿ, ಬೇವಿನ ಬೀಜದಷ್ಟು ಗುಳಿಗೆ ಮಾಡಿ ಭರಣಿ ತುಂಬಿಸಿ ಕಳಿಸಿದೆ.

ಮುಂದಿನ ವಾರ ಬಾಗಿಲಿಗೆ ಹೋದರೆ ಗಾಜಿನಾಚೆ ಪಂಪಾವತಿ. ಏಳು ವರ್ಷದ ಮೇಲೆ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ಕಿವಿಯ ಹತ್ತಿರ ಬಿಳಿಕೂದಲು ಬಂದಿತ್ತು. ನನಗೆ ಸಮಾಧಾನ ಹೇಳಲೆಂದೇ ಬಂದಿದ್ದಳು. "ಅವ್ವಾ, ಚಿಂತಿ ಮಾಡಬ್ಯಾಡ. ನೀ ಕೊಟ್ಟಿದ್ದನ್ನ ಮಕ್ಕಳಿಗೆ ಕೊಟ್ಟೇವಿ. ಮೂರು ಸಲ ಕುದಿಸೇ ಕೊಟ್ಟಾರ" ಎಂದಳು. ಕುದಿಸಿ! ಮೂರು ಸಲ! ಆರು ತಲೆಮಾರು ಏನು ಮಾಡಿದ್ದರೋ ಅದನ್ನೇ ಮಾಡಿದ್ದರು. ಕುದಿಸದೆ ಯಾವುದನ್ನೂ ಬಾಯಿಗಿಡದ ಜನ ಜೀವಂತ ಒಕ್ಕಲನ್ನು ಬೇಯಿಸಿ, ಹೆಣಗಳನ್ನು ಮಕ್ಕಳಿಗೆ ನುಂಗಿಸಿ, ಕೆಲಸವಾಯಿತೆಂದು ಕೂತಿದ್ದರು. ಅವರಲ್ಲಿ ಕೆಟ್ಟತನವಿರಲಿಲ್ಲ, ಪ್ರೀತಿಯಿಂದಲೇ ಕುದಿಸಿದ್ದರು. ನಾನು ಬೋನು ತೊಳೆದದ್ದೂ ಪ್ರೀತಿಯಿಂದಲೇ. ಹಸಿಯಾಗಿ ಕೊಡಿ ಎಂದು ಕೂಗಿದೆ, ಬೈದೆ, ಬೇಡಿಕೊಂಡೆ. ಹೊರಗಿನ ಹಸಿ ವಸ್ತು ಒಳಗೆ ಬರಕೂಡದು ಎಂಬ ಒಂದೇ ಉತ್ತರ. ಮಕ್ಕಳು ಹೊರಡಲು ಅರವತ್ತು ದಿನವಿತ್ತು. ಒಳಗೆ ಕೊಡುವಂತಿಲ್ಲವೆಂದರೆ ಮಗು ಮೊದಲೇ ಹೊರಗೆ ಬರಬೇಕು, ತಿಳಿ ಇನ್ನೂ ಸಿಗುತ್ತಿರುವಾಗಲೇ ನನ್ನ ಹತ್ತಿರವಿದ್ದು ಹೆಪ್ಪು ತಗೊಂಡು, ದಿನಕ್ಕಿಷ್ಟು ತಿಳಿ ಇಳಿಸಿ ಇಷ್ಟು ಗಡ್ಡೆ ಏರಿಸಿ ದಾಟಬೇಕು. ಬಂದಮೇಲೆ ಅವಳಿಗೆ ಬಾಗಿಲು ತೆರೆಯುವುದಿಲ್ಲ. ಹೆಪ್ಪು ಹಿಡಿಯದಿದ್ದರೆ ಇಲ್ಲೇ ಸಾಯುತ್ತಾಳೆ. ಹಿಡಿದರೆ ಊರೆಲ್ಲ ಹೊರಗೆ ಬರುವವರೆಗೆ ತಾಯಿಯನ್ನು ಗಾಜಿನಾಚೆ ನೋಡಬೇಕು.

ಇದನ್ನು ಮಗಳಿಗೆ ಹೇಳುವ ಮೊದಲು ನಾನು ಒಂದು ದಿನ ತಡೆದೆ. ನಿನ್ನ ಹತ್ತಿರ ಸುಳ್ಳು ಯಾಕೆ. ಮೊಮ್ಮಗಳಿಗೆ ನಾನು ಬೇಕಾಗಿದ್ದೆನೋ ಅಥವಾ ನನಗೆ ಮೊಮ್ಮಗಳು ಬೇಕಾಗಿದ್ದಳೋ, ನನಗೇ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಒಂಟಿಯಾಗಿದ್ದವಳ ಮಾತನ್ನು ಯಾರೂ ಪೂರ್ತಿ ನಂಬಬಾರದು, ಅವಳೂ ನಂಬಬಾರದು. ಅಳತೆಯ ಹಾಳೆಗಳನ್ನು ಮತ್ತೆ ತೆಗೆದೆ. ಹಿಕ್ಕೆ ಸಿಗದ ಮರಿಗಳು ಹದಿನೇಳು, ಬದುಕಿದ್ದು ಸೊನ್ನೆ. ಸಿಕ್ಕ ಮರಿಗಳು ಇಪ್ಪತ್ತಮೂರು, ಬದುಕಿದ್ದು ಇಪ್ಪತ್ತು. ಸತ್ತ ಆ ಮೂರನ್ನು ಬಹಳ ಹೊತ್ತು ನೋಡಿದೆ. ಮರುದಿನ ಹಾಳೆಯನ್ನು ಗಾಜಿಗೆ ಹಿಡಿದು ಪಂಪಾವತಿಗೆ ಎಲ್ಲವನ್ನೂ ಹೇಳಿದೆ, ಆ ಮೂರನ್ನೂ ಹೇಳಿದೆ, ನನ್ನ ಒಂಟಿತನವನ್ನೂ ಹೇಳಿದೆ. ಕಳಿಸು ಎನ್ನಲಿಲ್ಲ. ಅವಳು ಹಾಳೆಯ ಮೇಲೆ ಗಾಜಿನಾಚೆಯಿಂದಲೇ ಬೆರಳಿಟ್ಟು ಒಂದೊಂದು ಸಾಲನ್ನೂ ಓದಿದಳು. ಓದಿ ಮುಗಿಸಿ ಎದ್ದು ಹೋದಳು.

ನಾಲ್ಕು ದಿನಕ್ಕೆ ಕರೆ ಬಂತು. ಎರಡು ಬಾಗಿಲ ನಡುವಿನ ಕೋಣೆಯವರೆಗೆ ತಾಯಿ ಮಗಳು ಕೈ ಹಿಡಿದು ಬಂದರು. ಅಲ್ಲಿಂದ ಮುಂದೆ ಚಿಗರಿ ಒಬ್ಬಳೇ ನಡೆಯಬೇಕು. ಹೊರಬಾಗಿಲು ತೆರೆದಾಗ ಬಿಸಿಲಿಗೆ ಕಣ್ಣು ಮುಚ್ಚಿ ನಿಂತುಬಿಟ್ಟಳು, ತೆಳ್ಳಗೆ, ಒಂದು ಕೈಯಲ್ಲಿ ತಿಳಿಯ ಲೋಟ. ನಾನು ಎತ್ತಿಕೊಂಡೆ. ಹನ್ನೊಂದು ವರ್ಷದಲ್ಲಿ ನಾನು ಮುಟ್ಟಿದ ಮೊದಲ ಮನುಷ್ಯಮೈ ಅದು, ಎಷ್ಟು ಬಿಸಿಯಿರುತ್ತದೆಂದು ಮರೆತೇಹೋಗಿತ್ತು. ಕೊಳವೆಯಲ್ಲಿ ಪಂಪಾವತಿಯ ದನಿ ಬಂತು. ಏನೇನೋ ಹೇಳುತ್ತಾಳೆಂದುಕೊಂಡಿದ್ದೆ. "ಅವ್ವಾ, ಅಕಿಗೆ ತಲಿ ಬಾಚಿದ್ರ ಸಿಟ್ಟು ಬರತೈತಿ. ಬೈಬ್ಯಾಡ" ಎಂದಳು, ಅಷ್ಟೇ. ಆಮೇಲೆ ಹೊರಬಾಗಿಲು ಹಾಕಿಕೊಂಡಿತು.

ಗುಳಿಗೆ ನುಂಗಿಸಲು ಒಂದಿಡೀ ಬೆಳಿಗ್ಗೆ ಹಿಡಿಯಿತು. ಸುಳ್ಳು ಹೇಳಲಿಲ್ಲ, ಏನೆಂದು ಹೇಳಿದೆ. ಅಜ್ಜಿಯ ಮುಖವನ್ನೂ ಗುಳಿಗೆಯನ್ನೂ ಮೂರು ಸಲ ನೋಡಿದಳು. ನನ್ನನ್ನು ನೋಡಿಯೇ ಹೆಚ್ಚು ಹೆದರಿದಳೇನೋ. ಇಲಿಮರಿಗಳನ್ನು ತೋರಿಸಿದೆ, ಅವು ಮುದಿ ಇಲಿಯ ಹಿಕ್ಕೆ ಮೆಲ್ಲುವುದನ್ನು ನೋಡಿ ಕಿಸಕ್ಕನೆ ನಕ್ಕಳು, ಮೂಗು ಹಿಡಿದು ನುಂಗಿದಳು. ಮೊದಲ ಒಂಬತ್ತು ದಿನ ಹೇಗೆ ಕಳೆದೆನೆಂದು ಬರೆಯಲು ಮನಸ್ಸಿಲ್ಲ. ಜ್ವರ, ಹೊಟ್ಟೆನುಲಿತ, ತಿಂದ ನಾಲ್ಕು ಚೂರೂ ಹಾಗೆಯೇ ಹೊರಗೆ. ಅವಳು ಅಮ್ಮ ಬೇಕೆಂದು ಅಳುತ್ತಿದ್ದಳು, ನಾನು ಸತ್ತ ಮೂರು ಮರಿಗಳನ್ನು ಎಣಿಸುತ್ತಿದ್ದೆ. ಹತ್ತನೆಯ ದಿನ ಜ್ವರ ಬಿಟ್ಟಿತು. ಹದಿಮೂರರಿಂದ ತಿಳಿಯ ಲೋಟವನ್ನು ಅರ್ಧಕ್ಕೆ ಇಳಿಸಿದೆ. ಇವತ್ತಿಗೆ ಇಪ್ಪತ್ತೆರಡು. ನಿನ್ನೆ ಗಡ್ಡೆಯ ರೊಟ್ಟಿ ಪೂರ್ತಿ ತಿಂದು ಇನ್ನೊಂದು ಕೇಳಿದಳು. ಇವತ್ತು ಬೆಳಿಗ್ಗೆ ಬೇಲಿಯಾಚೆ ಹೋಗಿ ಬಂದು, ಅಜ್ಜೀ ನೋಡು ಬಾ ಎಂದು ಕೈಹಿಡಿದು ಎಳೆದುಕೊಂಡು ಹೋದಳು. ತಂಗೀ, ಗಟ್ಟಿಯಾಗಿ ಹೋಗಿದ್ದಳು. ನಾರೆಲ್ಲ ಕರಗಿತ್ತು. ಮುಖ ಮುಚ್ಚಿಕೊಂಡು ಅತ್ತೆ. ಅದನ್ನು ನೋಡಿ ಯಾಕೆ ಅಳುತ್ತೀಯೆಂದು ಅವಳಿಗೆ ಒಂದೇ ಆಶ್ಚರ್ಯ.

ಇಬ್ಬರೂ ಬಾಗಿಲಿಗೆ ನಡೆದು ಹೋಗಿ ಕೊಳವೆಯಲ್ಲಿ ಸುದ್ದಿ ಹೇಳಿದೆವು. ಲಾಲಸಾಬಜ್ಜ ಊರಿಗೆಲ್ಲ ಸಾರಲು ಎದ್ದೇ ಹೋದ. ಉಳಿದ ಹನ್ನೊಂದು ತಾಯಂದಿರಲ್ಲಿ ಐವರು ಮಕ್ಕಳನ್ನು ಮೊದಲೇ ಕಳಿಸಲು ಕೇಳಿದ್ದಾರಂತೆ. ಆರು ಜನ ಇನ್ನೂ ಶುಚಿಮನೆಯ ಮಾತು ಕೇಳುತ್ತಿದ್ದಾರೆ. ಅವರ ಮಕ್ಕಳಿಗಾಗಿ ನಾಳೆ ಹೋಗಿ ಮತ್ತೆ ಕೂಗುತ್ತೇನೆ. ಪಂಪಾವತಿ ಗಾಜಿನಾಚೆ ನಿಂತು ಮಗಳ ಹೊಟ್ಟೆಯನ್ನೇ ನೋಡುತ್ತಿದ್ದಳು. ಅದು ನಿಜವಾಗಿಯೂ ಸ್ವಲ್ಪ ಮುಂದೆ ಬಂದಿದೆ. ಆಮೇಲೆ ಅವಳು, "ಅವ್ವಾ, ನನಗೂ ಒಂಚೂರು ತಗದಿಡು" ಎಂದಳು. ನಾನು ಏನಾದರೂ ಹೇಳುವ ಮೊದಲೇ ಚಿಗರಿ ಕೊಳವೆಗೆ ಬಾಯಿಟ್ಟು ತಾನೇ ಕೊಡುತ್ತೇನೆ ಎಂದು ಕೂಗಿದಳು.

ವಾಪಸು ಬಂದು ನಿನ್ನ ಪುಸ್ತಕ ತೆರೆದೆ. ನಿನಗೆ ಕೊಡಬೇಕಾದ ಒಂದು ಉತ್ತರ ಬಾಕಿಯಿತ್ತು. ಮೂವತ್ತೆಂಟನೆಯ ಪುಟದ ಕಾರಣ ಈಗ ತಿಳಿದಿದೆ, ಬೋನು ಅಷ್ಟು ತೊಳೆಯಬೇಡ. ಅದನ್ನು ಬರೆಯಲೆಂದೇ ಕೂತವಳು ಮುಂದಿನ ಪುಟಗಳನ್ನು ಮತ್ತೆ ಓದಿದೆ. ಹೆಪ್ಪು ತರಬೇಕು. ಇವತ್ತೂ ಆಗಲಿಲ್ಲ. ಗುರುತಿಲ್ಲದವರ ಮನೆಗೆ ಹೇಗೆ ಹೋಗುವುದು. ಅದಾದಮೇಲೆ ಪುಸ್ತಕ ಮುಗಿಯುವವರೆಗೆ ಹೆಪ್ಪಿನ ಸುದ್ದಿಯಿಲ್ಲ, ಬರೀ ಅಳತೆ. ಇಡೀ ಪುಸ್ತಕದಲ್ಲಿ ಒಬ್ಬರ ಹೆಸರಿಲ್ಲ, ಯಾರೋ ಬಂದರು, ಯಾರೋ ನಕ್ಕರು ಎಂಬ ಒಂದು ಸಾಲಿಲ್ಲ. ಮೊಸರಿನ ಮಾತೆಂದು ಅಜ್ಜ ಹೇಳಿದಮೇಲೂ, ಹನ್ನೊಂದು ವರ್ಷ ನಾನು ಅದನ್ನು ಇಲಿಗಳ ವಿಧಾನವೆಂದೇ ಓದಿದೆ. ಹೊಸ ಊರಿಗೆ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು, ಒಂದು ಚಮಚ ಮೊಸರು ಕೇಳಲು ಎದುರು ಮನೆಗೆ ಹೋಗಲಾರದೆ, ಇಲಿಗಳ ಕರುಳು ಅಳೆಯುತ್ತಾ ಕೂತಿದ್ದಳೆಂದು ನನಗೆ ಹೊಳೆಯಲೇ ಇಲ್ಲ.

ಹೋಗು, ತಂಗೀ. ನನ್ನದು ಇದೊಂದೇ ಕೋರಿಕೆ. ಇವತ್ತೇ ಹೋಗು, ಬಟ್ಟಲು ತಗೊಂಡು ಹೋಗು. ಅವರು ಕೊಡುತ್ತಾರೆ, ಯಾರೂ ಇಲ್ಲವೆನ್ನುವುದಿಲ್ಲ. ಕೂತ್ಕೋ ಎಂದೂ ಅನ್ನುತ್ತಾರೆ. ಬೋನು ಇದೆ, ಅಳತೆ ಇದೆ ಎಂದು ಎದ್ದು ಬರಬೇಡ. ಕೂತುಕೋ.

ಹುಲಿಗೆವ್ವ,
ಪಕ್ಕದಲ್ಲಿ ರೊಟ್ಟಿ ತಿನ್ನುತ್ತಾ ಚಿಗರಿ.